ಹೆಲೀನ್ ಹಾದುಹೋದ ಬೆಟ್ಟಸೀಮೆಗೆ ಚರ್ಚ್ ಸಭೆಯ ತಂಡ: ಮನೆ ಮತ್ತೆ ಕಟ್ಟಲು ಹೊರಡುವವರಿಗೊಂದು ಕೈಪಿಡಿ

2024ರ ಸೆಪ್ಟೆಂಬರ್ 26ರ ರಾತ್ರಿ ಫ್ಲಾರಿಡಾದ ಬಿಗ್ ಬೆಂಡ್ ಕರಾವಳಿಯನ್ನು ನಾಲ್ಕನೆಯ ದರ್ಜೆಯ ಚಂಡಮಾರುತವಾಗಿ ದಾಟಿದ ಹೆಲೀನ್, ಮರುದಿನ ಬೆಳಗಿನ ಹೊತ್ತಿಗೆ ಕಡಲಿನಿಂದ ನೂರಾರು ಮೈಲಿ ಒಳಗಿರುವ ಪಶ್ಚಿಮ ನಾರ್ತ್ ಕ್ಯಾರೊಲೈನಾದ ಬೆಟ್ಟಸೀಮೆಯ ಮೇಲೆ ಮಳೆಯಾಗಿ ಸುರಿಯಿತು. ಅದಕ್ಕೂ ಮೊದಲೇ ಬೇರೊಂದು ಮಳೆ ಬಿದ್ದು ನೆಲ ನೀರುಂಡಿದ್ದರಿಂದ, ಬಂದ ನೀರಿಗೆ ಇಂಗಲು ಜಾಗವೇ ಉಳಿದಿರಲಿಲ್ಲ. ಯಾನ್ಸಿ ಕೌಂಟಿಯ ಬ್ಯೂಸಿಕ್‌ನಲ್ಲಿ ಕೆಲವೇ ದಿನಗಳಲ್ಲಿ 30 ಇಂಚು ಮೀರಿ ಮಳೆಯಾಯಿತು. ಆಶ್‌ವಿಲ್ ಬಳಿ ಸ್ವಾನನೋವಾ ನದಿ 1916ರ ಮಹಾಪ್ರವಾಹದ ಗುರುತನ್ನೂ ದಾಟಿತು. ಆ ನಗರದ ನಲ್ಲಿಗಳಲ್ಲಿ ಮತ್ತೆ ಕುಡಿಯುವ ನೀರು ಬರಲು 53 ದಿನ ಹಿಡಿಯಿತು. ನಾರ್ತ್ ಕ್ಯಾರೊಲೈನಾ ಒಂದರಲ್ಲೇ ನೂರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು.

ಶಾರ್ಲಟ್‌ನಿಂದ ಆಶ್‌ವಿಲ್‌ಗೆ ಕಾರಿನಲ್ಲಿ ಎರಡು ತಾಸಿಗೆ ತುಸು ಹೆಚ್ಚು, ಕೇರಿ ಮತ್ತು ರಾಲಿ ಕಡೆಯಿಂದ ಸುಮಾರು ನಾಲ್ಕು ತಾಸು. ಈ ಊರುಗಳಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಚರ್ಚಿಗೆ ಹೋಗುವವರೂ ಇದ್ದಾರೆ, ತಮ್ಮ ಸಭೆಯಿಂದ ಒಂದು ತಂಡ ಕಟ್ಟಿಕೊಂಡು ಹೋಗಬೇಕೆಂಬ ಮನಸ್ಸುಳ್ಳವರೂ ಇದ್ದಾರೆ. ಮನಸ್ಸಿಗೆ ಕೊರತೆಯಿಲ್ಲ, ಕೊರತೆ ಇರುವುದು ಕ್ರಮಕ್ಕೆ. ಯಾವಾಗ ಹೋಗಬೇಕು, ಯಾರ ಮೂಲಕ ಹೋಗಬೇಕು, ಅಲ್ಲಿ ಏನು ಮಾಡಬೇಕು, ಏನನ್ನು ಮಾಡಲೇಬಾರದು ಎಂಬುದನ್ನು ಹೊರಡುವ ಮೊದಲೇ ತಿಳಿದುಕೊಂಡ ತಂಡಕ್ಕೂ ಹಾಗೆಯೇ ವ್ಯಾನ್ ಹತ್ತಿದ ತಂಡಕ್ಕೂ ಇರುವ ಅಂತರ ಮೊದಲ ದಿನವೇ ಕಾಣುತ್ತದೆ.

ಯಾವಾಗ ಹೋಗಬೇಕು

ಟೀವಿಯಲ್ಲಿ ದೃಶ್ಯ ಕಂಡ ವಾರದಲ್ಲೇ ಹೊರಡಬೇಕೆನಿಸುವುದು ಸಹಜ. ಆದರೆ ಮೊದಲ ವಾರಗಳು ತರಬೇತಿ ಪಡೆದವರಿಗೆ ಸೇರಿದ್ದು. ಯುನೈಟೆಡ್ ಮೆಥಡಿಸ್ಟ್ ಸಭೆಯ ಪರಿಹಾರ ಸಂಸ್ಥೆಯಾದ ಅಮ್‌ಕಾರ್, ತುರ್ತು ತಂಡದ ತರಬೇತಿ ಮುಗಿಸಿ ಗುರುತಿನ ಚೀಟಿ ಪಡೆದವರನ್ನು ಮಾತ್ರ ಆ ಹಂತಕ್ಕೆ ಕಳಿಸುತ್ತದೆ. ಹಳದಿ ಟೋಪಿಯ ಸದರ್ನ್ ಬ್ಯಾಪ್ಟಿಸ್ಟರು ತಮ್ಮದೇ ಅಡುಗೆಮನೆ, ಸ್ನಾನದ ಟ್ರೇಲರ್, ಮರ ಕೊಯ್ಯುವ ಗರಗಸಗಳೊಂದಿಗೆ ಬಂದಿಳಿಯುತ್ತಾರೆ. ಸಮಾರಿಟನ್ಸ್ ಪರ್ಸ್ ಸಂಸ್ಥೆಯ ಮುಖ್ಯ ಕಚೇರಿ ಇರುವುದೇ ಚಂಡಮಾರುತಕ್ಕೆ ಸಿಕ್ಕಿದ ಬೂನ್ ಪಟ್ಟಣದಲ್ಲಿ. ಇಂಥವರ ನಡುವೆ ಸಿದ್ಧತೆಯಿಲ್ಲದೆ ನುಗ್ಗಿದ ತಂಡವು, ಇರುವ ಒಂದೇ ರಸ್ತೆಯಲ್ಲಿ ಇನ್ನೊಂದು ವ್ಯಾನ್ ಆಗಿ, ಇರುವ ಅಲ್ಪ ನೀರಿನಲ್ಲಿ ಪಾಲು ಕೇಳುವ ಇನ್ನಷ್ಟು ಬಾಯಿಗಳಾಗಿ ಉಳಿಯುತ್ತದೆ.

ಆರು ತಿಂಗಳು ಕಳೆದ ಮೇಲೆ ಸ್ವಯಂಸೇವಕರ ಸಂಖ್ಯೆ ಇಳಿಯುತ್ತದೆ, ಮನೆ ಕಟ್ಟುವ ಕೆಲಸ ಏರುತ್ತದೆ. ವಿಮೆ, ಸರ್ಕಾರದ ನೆರವು, ಪರವಾನಗಿ ಇವೆಲ್ಲ ಇತ್ಯರ್ಥವಾಗಿ, ಗೋಡೆ ಮುಚ್ಚಲು ಹಲಗೆ ಬಂದು ಬಿದ್ದು, ಅದನ್ನು ಹೊಡೆಯಲು ಕೈಗಳಿಲ್ಲದೆ ಕಾಯುವ ಹೊತ್ತು ಬರುವುದು ಎರಡನೆಯ, ಮೂರನೆಯ ವರ್ಷದಲ್ಲಿ. 2005ರ ಕಟ್ರೀನಾ ಚಂಡಮಾರುತದ ನಂತರ ನ್ಯೂ ಆರ್ಲಿನ್ಸ್‌ಗೆ ಸಭೆಗಳ ತಂಡಗಳು ವರ್ಷಗಟ್ಟಲೆ ಹೋಗುತ್ತಲೇ ಇದ್ದುದು ಈ ಕಾರಣಕ್ಕೆ. ಆದ್ದರಿಂದ ಮೊದಲ ಸಲ ಹೋಗುವ ಸಭೆಗೆ ನನ್ನ ಸಲಹೆ ಒಂದೇ: ತಡವಾಗಿ ಹೋಗಿ, ಮತ್ತು ಒಂದೇ ಸಲದಲ್ಲಿ ಎಲ್ಲರೂ ಹೋಗದೆ ವರ್ಷಕ್ಕೆರಡು ಸಲ ಸಣ್ಣ ತಂಡವಾಗಿ ಹೋಗಿ. ಮೊದಲ ವಾರಗಳಲ್ಲಿ ಏನಾದರೂ ಮಾಡಲೇಬೇಕೆಂದರೆ ಹಣ ಕಳಿಸಿ. ಹಳೆಯ ಬಟ್ಟೆಯ ಮೂಟೆಗಳನ್ನು ಮಾತ್ರ ಕಳಿಸಬೇಡಿ. ಅವನ್ನು ಬಿಚ್ಚಿ, ವಿಂಗಡಿಸಿ, ಕೊನೆಗೆ ಎಸೆಯುವುದೇ ಅಲ್ಲಿನವರಿಗೆ ಬೇರೊಂದು ಕೆಲಸವಾಗುತ್ತದೆ.

ವರ್ಷದ ಕಾಲವನ್ನೂ ನೋಡಿಕೊಳ್ಳಬೇಕು. ಅಕ್ಟೋಬರ್‌ನಲ್ಲಿ ಎಲೆಗಳ ಬಣ್ಣ ನೋಡಲು ಪ್ರವಾಸಿಗರು ನೆರೆಯುವುದರಿಂದ ವಸತಿ ತುಟ್ಟಿ, ರಸ್ತೆ ನಿಧಾನ. ಜನವರಿ, ಫೆಬ್ರುವರಿಯಲ್ಲಿ ಬೆಟ್ಟದ ಮೇಲೆ ಹಿಮ ಬೀಳುತ್ತದೆ; ಹೀಟರ್ ಇಲ್ಲದ ಮನೆಯಲ್ಲಿ ಗೋಡೆಯ ಲೇಪ ಒಣಗುವುದಿಲ್ಲ, ಸಾಧಾರಣ ಬಣ್ಣ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಸರಿಯಾಗಿ ಹಿಡಿಯುವುದಿಲ್ಲ. ಏಪ್ರಿಲ್‌ನಿಂದ ಜೂನ್ ವರೆಗಿನ ದಿನಗಳು ಮೊದಲ ತಂಡಕ್ಕೆ ಅನುಕೂಲ. ಟೆನ್ನೆಸಿ ಕಡೆಯಿಂದ ಬರುವವರು ಪಿಜನ್ ನದಿಯ ಕಣಿವೆಯ ಐ-40 ಹೆದ್ದಾರಿಯ ಸ್ಥಿತಿಯನ್ನು ಹೊರಡುವ ಮುನ್ನ ನೋಡಿಕೊಳ್ಳಬೇಕು. ಅಲ್ಲಿ ನದಿ ರಸ್ತೆಯನ್ನೇ ಕೊರೆದುಕೊಂಡು ಹೋಗಿತ್ತು. 2025ರ ಮಾರ್ಚ್ 1ರಂದು ಸಂಚಾರ ಮತ್ತೆ ಶುರುವಾದಾಗ ಒಂದೊಂದು ದಿಕ್ಕಿಗೆ ಒಂದೇ ಲೇನ್ ಇತ್ತು, ವೇಗದ ಮಿತಿ ಗಂಟೆಗೆ 35 ಮೈಲಿ.

ಯಾರ ಮೂಲಕ ಹೋಗಬೇಕು

ಫೇಸ್‌ಬುಕ್ಕಿನಲ್ಲಿ ಕಂಡ ಒಂದು ಕುಟುಂಬದ ಕತೆಗೆ ಮರುಗಿ ನೇರವಾಗಿ ಆ ಮನೆಗೆ ಹೋಗಿ ಕೆಲಸ ಶುರುಮಾಡುವುದು ಒಳ್ಳೆಯ ಮನಸ್ಸಿನಿಂದ ಹುಟ್ಟುವ ಕೆಟ್ಟ ಪದ್ಧತಿ. ಅಮೆರಿಕದಲ್ಲಿ ವಿಪತ್ತಿನ ನಂತರ ಕೌಂಟಿ ಮಟ್ಟದಲ್ಲಿ ದೀರ್ಘಾವಧಿ ಪುನಶ್ಚೇತನ ಸಮಿತಿಗಳು ರೂಪುಗೊಳ್ಳುತ್ತವೆ. ಸ್ಥಳೀಯ ಚರ್ಚುಗಳು, ದತ್ತಿ ಸಂಸ್ಥೆಗಳು, ಬ್ಯಾಪ್ಟಿಸ್ಟ್, ಮೆಥಡಿಸ್ಟ್, ಲುಥೆರನ್, ಪ್ರೆಸ್ಬಿಟೇರಿಯನ್, ಕ್ಯಾಥೊಲಿಕ್, ಮೆನ್ನೊನೈಟ್ ಸಂಘಟನೆಗಳೆಲ್ಲ ಒಂದೇ ಮೇಜಿನ ಸುತ್ತ ಕೂತು, ಒಂದೊಂದು ಮನೆಯ ಕಡತವನ್ನು ತೆರೆದು, ಯಾರು ಹಣ ಕೊಡುತ್ತಾರೆ, ಯಾರು ಸಾಮಗ್ರಿ ಕೊಡುತ್ತಾರೆ, ಯಾರು ದುಡಿಯುವ ಕೈ ಕೊಡುತ್ತಾರೆ ಎಂದು ಹಂಚಿಕೊಳ್ಳುತ್ತವೆ. ಈ ಬಗೆಯ ಹೊಂದಾಣಿಕೆಗೆಂದೇ 1969ರ ಕಮೀಲ್ ಚಂಡಮಾರುತದ ಅನುಭವದಿಂದ ಪಾಠ ಕಲಿತು 1970ರಲ್ಲಿ ರಾಷ್ಟ್ರಮಟ್ಟದ ಒಕ್ಕೂಟವೊಂದು ಹುಟ್ಟಿತು. ಅದನ್ನು ಇಂದಿಗೂ ನ್ಯಾಷನಲ್ ವೋಯಾಡ್ ಎಂದು ಕರೆಯುತ್ತಾರೆ. ನಿಮ್ಮ ಸಭೆ ಯಾವ ಪಂಗಡಕ್ಕೆ ಸೇರಿದೆಯೋ ಆ ಪಂಗಡದ ವಿಪತ್ತು ವಿಭಾಗಕ್ಕೆ ಮೊದಲ ಕರೆ ಮಾಡಿ. ಪಂಗಡವೇ ಇಲ್ಲದ ಸ್ವತಂತ್ರ ಸಭೆಯಾದರೆ ಬ್ಯಾಪ್ಟಿಸ್ಟ್ಸ್ ಆನ್ ಮಿಷನ್, ಮೆನ್ನೊನೈಟ್ ಡಿಸಾಸ್ಟರ್ ಸರ್ವಿಸ್, ಹ್ಯಾಬಿಟ್ಯಾಟ್ ಫಾರ್ ಹ್ಯುಮಾನಿಟಿ ಇವುಗಳಲ್ಲಿ ಒಂದನ್ನು ಸಂಪರ್ಕಿಸಬಹುದು.

ಈ ಸುತ್ತುದಾರಿ ಏಕೆ ಬೇಕೆಂಬುದಕ್ಕೆ ಗಟ್ಟಿಯಾದ ಕಾರಣಗಳಿವೆ. ಕೇಂದ್ರದ ವಿಪತ್ತು ಸಂಸ್ಥೆ ಫೆಮಾ, ಹೆಲೀನ್‌ನಲ್ಲಿ ಮನೆ ಹಾಳಾದ ಒಂದು ಕುಟುಂಬಕ್ಕೆ ವಸತಿಯ ಲೆಕ್ಕದಲ್ಲಿ ಕೊಡಬಹುದಾಗಿದ್ದ ಗರಿಷ್ಠ ನೆರವು 42,500 ಡಾಲರ್. ಅಷ್ಟರಲ್ಲಿ ಮನೆ ಏಳುವುದಿಲ್ಲ. ಬೆಟ್ಟದ ಮೇಲಿನ ಮನೆಗೆ ಪ್ರವಾಹ ವಿಮೆ ಏಕೆಂದು ಬಹುತೇಕರು ಅದನ್ನು ಮಾಡಿಸಿರಲೇ ಇಲ್ಲ. ಹೀಗಾಗಿ ನಾಲ್ಕಾರು ಮೂಲಗಳ ಹಣವನ್ನು ಜೋಡಿಸಿಯೇ ಮನೆ ಮುಗಿಯಬೇಕು, ಆದರೆ ಒಂದೇ ಖರ್ಚಿಗೆ ಎರಡು ಕಡೆಯಿಂದ ನೆರವು ಪಡೆಯುವಂತಿಲ್ಲ. ಈ ಲೆಕ್ಕವನ್ನು ಕಾಯುವವರು ಆ ಕುಟುಂಬಕ್ಕೆ ನೇಮಕವಾದ ಕೇಸ್ ಮ್ಯಾನೇಜರ್. ಅವರಿಗೆ ತಿಳಿಯದಂತೆ ನೀವು ಒಂದು ಕೋಣೆ ಮುಗಿಸಿಕೊಟ್ಟರೆ, ಆ ಕೋಣೆಗೆಂದು ಬರಬೇಕಿದ್ದ ಹಣ ಅಡಕತ್ತರಿಯಲ್ಲಿ ಸಿಕ್ಕಿಕೊಳ್ಳಬಹುದು.

ಇನ್ನೊಂದು ತೊಡಕು ಪ್ರವಾಹ ವಲಯದ ನಿಯಮದ್ದು. ಗುರುತಿಸಿದ ಪ್ರವಾಹ ವಲಯದಲ್ಲಿರುವ ಮನೆಯನ್ನು ಮೊದಲಿನಂತೆ ಮಾಡಲು ತಗಲುವ ಖರ್ಚು ಹಾನಿಗೆ ಮೊದಲಿದ್ದ ಮಾರುಕಟ್ಟೆ ಬೆಲೆಯ ಅರ್ಧವನ್ನು ಮುಟ್ಟಿದರೆ, ಆ ಮನೆಯನ್ನು ಈಗಿನ ನಿಯಮಕ್ಕೆ ತರಬೇಕು, ಅಂದರೆ ಸಾಮಾನ್ಯವಾಗಿ ಎತ್ತರಿಸಬೇಕು. ಸ್ವಯಂಸೇವಕರ ಬಿಟ್ಟಿ ದುಡಿಮೆಗೂ ಈ ಲೆಕ್ಕದಲ್ಲಿ ಮಾರುಕಟ್ಟೆ ಬೆಲೆ ಕಟ್ಟುತ್ತಾರೆ. ಎತ್ತರಿಸಲೇಬೇಕಾದ ಮನೆಯೊಳಗೆ ಹೊಸ ಗೋಡೆ ಹೊಡೆದುಕೊಟ್ಟು ಬಂದ ತಂಡವು ಆ ಮನೆಯವರಿಗೆ ಉಪಕಾರ ಮಾಡಿದಂತಾಗುವುದಿಲ್ಲ. ಬೆಟ್ಟಗಳಲ್ಲಿ ಇದಕ್ಕೂ ಮೊದಲು ಬಗೆಹರಿಯಬೇಕಾದ ಪ್ರಶ್ನೆಯೆಂದರೆ ಸೇತುವೆ: ಹಳ್ಳದಾಚೆ ಇರುವ ಎಷ್ಟೋ ಮನೆಗಳಿಗೆ ಇದ್ದ ಖಾಸಗಿ ಸೇತುವೆ ಕೊಚ್ಚಿಹೋಗಿ, ಸಾಮಗ್ರಿಯ ಲಾರಿ ಅಂಗಳ ಮುಟ್ಟುವಂತಿರಲಿಲ್ಲ. ಚರ್ಚ್ ಸಂಘಟನೆಗಳು ಈ ಸಣ್ಣ ಸೇತುವೆಗಳನ್ನು ಕಟ್ಟುವ ಕೆಲಸವನ್ನೇ ಪ್ರತ್ಯೇಕವಾಗಿ ಕೈಗೆತ್ತಿಕೊಂಡವು. ಅದು ಎಂಜಿನಿಯರ್ ಮತ್ತು ಯಂತ್ರಗಳ ಕೆಲಸ, ಸಾಮಾನ್ಯ ತಂಡದ್ದಲ್ಲ.

ಕರೆ ಮಾಡಿದಾಗ ಕೇಳಬೇಕಾದುದು ಇಷ್ಟು: ಮನೆ ಯಾವ ಹಂತದಲ್ಲಿದೆ, ಪರವಾನಗಿ ಯಾರ ಹೆಸರಲ್ಲಿದೆ, ಸ್ಥಳದಲ್ಲಿ ಮೇಸ್ತ್ರಿ ಇರುತ್ತಾರೆಯೇ, ಸಾಮಗ್ರಿ ಯಾರು ತರಿಸುತ್ತಾರೆ, ಯಾವ ಉಪಕರಣ ನಾವು ತರಬೇಕು, ವಯಸ್ಸಿನ ಮಿತಿ ಏನು, ರಾತ್ರಿ ಎಲ್ಲಿ ಮಲಗುವುದು, ತಲೆಗೆ ಎಷ್ಟು ಶುಲ್ಕ. ಕೊನೆಯ ಪ್ರಶ್ನೆಗೆ ಮುಜುಗರ ಬೇಡ. ಆತಿಥೇಯ ಚರ್ಚು ನಿಮಗೆ ಕೊಡುವ ಬಿಸಿನೀರಿಗೂ ಬಿಲ್ಲು ಬರುತ್ತದೆ.

ತಂಡ, ಕಾಗದ, ಹಣ

ಹತ್ತು, ಹನ್ನೆರಡು ಜನ ಸಾಕು. ಒಂದು ಮನೆಯೊಳಗೆ ಅದಕ್ಕಿಂತ ಹೆಚ್ಚು ಜನ ನಿಂತರೆ ಅರ್ಧ ಜನ ಇನ್ನರ್ಧ ಜನರ ಕೆಲಸ ನೋಡುತ್ತ ನಿಲ್ಲುತ್ತಾರೆ. ಮೂರು ಅಥವಾ ನಾಲ್ಕು ಹೊಸಬರಿಗೆ ಒಬ್ಬರಾದರೂ ಕೈಪಳಗಿದವರಿರಲಿ. ನಮ್ಮಲ್ಲಿ ಸಾಫ್ಟ್‌ವೇರ್‌ನವರೇ ಹೆಚ್ಚೆಂದು ಚಿಂತಿಸುವ ಅಗತ್ಯವಿಲ್ಲ. ತಮ್ಮ ನೆಲಮಾಳಿಗೆಯನ್ನು ತಾವೇ ಮುಗಿಸಿಕೊಂಡವರು, ಅಡುಗೆಮನೆಗೆ ಟೈಲ್ಸ್ ಹಾಕಿದವರು ಪ್ರತಿ ಸಭೆಯಲ್ಲೂ ಒಬ್ಬಿಬ್ಬರು ಸಿಗುತ್ತಾರೆ. ಅವರನ್ನು ಮೊದಲು ಒಪ್ಪಿಸಿ, ಉಳಿದವರನ್ನು ಆಮೇಲೆ ಕರೆಯಿರಿ. ತಂಡಕ್ಕೆ ಒಬ್ಬರೇ ನಾಯಕರಿರಬೇಕು, ಆ ನಾಯಕರು ಸ್ಥಳದ ಮೇಸ್ತ್ರಿಯ ಮಾತು ಕೇಳುವವರಾಗಿರಬೇಕು. ಸಭಾಪಾಲಕರೇ ನಾಯಕರಾಗಬೇಕೆಂದೇನಿಲ್ಲ, ಆಗದಿದ್ದರೆ ಅವರಿಗೂ ಒಂದು ವಾರ ನೆಮ್ಮದಿಯಾಗಿ ಮೊಳೆ ಕೀಳಲು ಸಿಗುತ್ತದೆ.

ಹದಿನೆಂಟು ತುಂಬದವರನ್ನು ಕರೆದೊಯ್ಯುವುದಾದರೆ ಸಂಸ್ಥೆಯ ನಿಯಮವನ್ನು ಬರಹದಲ್ಲಿ ಪಡೆಯಿರಿ. ಬಹಳ ಕಡೆ ಮಕ್ಕಳಿಗೆ ಮಾಡಿನ ಮೇಲಿನ ಕೆಲಸ, ವಿದ್ಯುತ್ ಗರಗಸ, ಬೂಷ್ಟು ತೆಗೆಯುವ ಕೆಲಸ ನಿಷಿದ್ಧ. ಅವರ ಜೊತೆಗಿರುವ ಎಲ್ಲ ವಯಸ್ಕರ ಹಿನ್ನೆಲೆ ಪರಿಶೀಲನೆ ಆಗಿರಬೇಕು, ಯಾವ ಮಗುವೂ ಒಬ್ಬರೇ ವಯಸ್ಕರೊಂದಿಗೆ ಕಾರಿನಲ್ಲಾಗಲಿ ಕೋಣೆಯಲ್ಲಾಗಲಿ ಇರಬಾರದು. ಪ್ರತಿಯೊಬ್ಬರ ಹೊಣೆಮುಕ್ತಿ ಪತ್ರ, ಆರೋಗ್ಯ ವಿಮೆಯ ಚೀಟಿಯ ಪ್ರತಿ, ಔಷಧ ಮತ್ತು ಅಲರ್ಜಿಯ ವಿವರ ಒಂದು ಕಡತದಲ್ಲಿರಲಿ. ಹತ್ತು ವರ್ಷದೊಳಗೆ ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿಕೊಳ್ಳದವರು ಹಾಕಿಸಿಕೊಂಡೇ ಬರಬೇಕು. ಸಭೆಯ ವಿಮೆ ಊರಾಚೆಯ ಕಟ್ಟಡ ಕೆಲಸಕ್ಕೂ ಬಾಡಿಗೆ ವ್ಯಾನಿಗೂ ಅನ್ವಯಿಸುತ್ತದೆಯೇ ಎಂಬುದನ್ನು ಖಜಾಂಚಿ ವಿಮಾ ಕಂಪನಿಗೆ ಕೇಳಿ ಬರಹದಲ್ಲಿ ಪಡೆಯಲಿ.

ಕೆಲಸದ ವೀಸಾದಲ್ಲಿರುವವರು ಸಂಬಳವಿಲ್ಲದ ದತ್ತಿ ಸೇವೆಯಲ್ಲಿ ತೊಡಗುವುದಕ್ಕೆ ಸಾಮಾನ್ಯವಾಗಿ ಅಡ್ಡಿಯಿರುವುದಿಲ್ಲ. ಆದರೆ ದಿನಭತ್ಯೆ, ಗಿಫ್ಟ್ ಕಾರ್ಡ್‌ನಂಥ ಪ್ರತಿಫಲ ಯಾವುದನ್ನೂ ಪಡೆಯಬಾರದು, ಅನುಮಾನವಿದ್ದರೆ ವಲಸೆ ವಕೀಲರನ್ನು ಕೇಳಬೇಕು. ಊರಿನಿಂದ ಬಂದಿರುವ ತಂದೆತಾಯಿಯರು ನಾವೂ ಬರುತ್ತೇವೆ ಎನ್ನುವುದುಂಟು. ಪ್ರವಾಸಿ ವಿಮೆಯನ್ನಷ್ಟೇ ನಂಬಿಕೊಂಡಿರುವವರನ್ನು ಮುರಿದ ಮೆಟ್ಟಿಲಿನ ಮನೆಗೆ ಕರೆದೊಯ್ಯುವುದು ಜಾಣತನವಲ್ಲ. ಚಕ್ಕುಲಿ ಡಬ್ಬಿಯನ್ನು ಮಾತ್ರ ಕೃತಜ್ಞತೆಯಿಂದ ಸ್ವೀಕರಿಸಿ. ಸಭೆಗೆ ಸೇರದ ಕನ್ನಡಿಗ ಗೆಳೆಯರು ಜೊತೆಗೂಡಲು ಬಯಸಿದರೆ ಸಂತೋಷವೇ, ಆದರೆ ಬೆಳಗಿನ ಪ್ರಾರ್ಥನೆ, ಸಂಜೆಯ ಧ್ಯಾನ ಇರುತ್ತದೆಂದೂ ಅದರಲ್ಲಿ ಕೂರುವುದು ಅವರ ಇಷ್ಟಕ್ಕೆ ಬಿಟ್ಟದ್ದೆಂದೂ ಮೊದಲೇ ಹೇಳಿಬಿಡಿ.

ಖರ್ಚಿನಲ್ಲಿ ಪೆಟ್ರೋಲು, ವಸತಿ, ಊಟ ಎಲ್ಲರಿಗೂ ನೆನಪಿರುತ್ತವೆ. ಮರೆತುಹೋಗುವುದು ಸಾಮಗ್ರಿಯ ಪಾಲು. ಅನೇಕ ಸಂಸ್ಥೆಗಳು ಬರುವ ತಂಡ ಮನೆಯ ಸಾಮಗ್ರಿಗೂ ಒಂದಿಷ್ಟು ಕೊಡಲೆಂದು ಅಪೇಕ್ಷಿಸುತ್ತವೆ, ಅದು ನ್ಯಾಯವೂ ಹೌದು. ಆ ಹಣವನ್ನು ಮನೆಯ ಯಜಮಾನರ ಕೈಗೆ ಕೊಡದೆ ಸಂಸ್ಥೆಯ ಮೂಲಕವೇ ಸಲ್ಲಿಸಿ.

ಗೋಡೆಯೊಳಗೆ

ಕರಾವಳಿಯ ಕೆಂಪುಕಲ್ಲಿನ ಮನೆಯನ್ನೋ ಮೈಸೂರು ಸೀಮೆಯ ಇಟ್ಟಿಗೆ ಮನೆಯನ್ನೋ ನೋಡಿ ಬೆಳೆದವರಿಗೆ ಇಲ್ಲಿನ ಗೋಡೆಯ ಒಳಗು ಹೊಸದು. ಹದಿನಾರು ಇಂಚಿಗೊಂದರಂತೆ ನಿಲ್ಲಿಸಿದ ಮರದ ಸ್ಟಡ್‌ಗಳು, ಅವುಗಳ ನಡುವೆ ಶಾಖ ತಡೆಯುವ ನಾರಿನ ಹಾಸು, ಅದರ ಮೇಲೆ ಕಾಗದ ಹೊದಿಸಿದ ಅರ್ಧ ಇಂಚಿನ ಜಿಪ್ಸಮ್ ಹಲಗೆ, ಗೋಡೆಯೆಂದರೆ ಇಷ್ಟೇ. ಈ ಹಲಗೆಯನ್ನೇ ಡ್ರೈವಾಲ್ ಎನ್ನುವುದು. ನೀರು ಅದರ ಬುಡ ಮುಟ್ಟಿದರೆ ಸಾಕು, ನೀರಿನ ಗುರುತಿಗಿಂತ ಎಷ್ಟೋ ಮೇಲಕ್ಕೆ ತೇವ ಹೀರಿಕೊಂಡು ಹೋಗುತ್ತದೆ. ಹಲಗೆ ನಾಲ್ಕಡಿ ಅಗಲ, ಎಂಟಡಿ ಉದ್ದ ಇರುವುದರಿಂದ, ನೀರು ಎರಡಡಿ ನಿಂತ ಮನೆಯಲ್ಲೂ ಸಾಮಾನ್ಯವಾಗಿ ನಾಲ್ಕಡಿಯವರೆಗೆ ಗೋಡೆಯನ್ನು ಕೊಯ್ದು ತೆಗೆದಿರುತ್ತಾರೆ. ಹೊಸ ಹಲಗೆಯನ್ನು ಅಡ್ಡ ಮಲಗಿಸಿದರೆ ಕತ್ತರಿಸದೆ ಕೂರುತ್ತದೆ.

ನೀವು ಹೋಗುವ ಮನೆಯಲ್ಲಿ ಕೆಸರು ತೆಗೆಯುವ ಕೆಲಸ ಮುಗಿದಿರಬೇಕು, ಆದರೆ ಅದರ ಗುರುತು ಉಳಿದಿರುತ್ತದೆ. ಸ್ಪ್ರೂಸ್ ಪೈನ್ ಸುತ್ತಲಿನ ಈ ನೆಲ ಅಭ್ರಕಕ್ಕೂ ಶುದ್ಧ ಸ್ಫಟಿಕ ಶಿಲೆಗೂ ಹೆಸರಾದದ್ದು. ಸ್ಟಡ್‌ನ ಬುಡದಲ್ಲಿ, ಮೊಳೆಯ ತೂತುಗಳಲ್ಲಿ, ವಿದ್ಯುತ್ ಪೆಟ್ಟಿಗೆಯ ಮೂಲೆಯಲ್ಲಿ ಒಣಗಿ ಉಳಿದ ಹಳ್ಳದ ಮಣ್ಣಿನ ಮೇಲೆ ಟಾರ್ಚ್ ಬಿಟ್ಟರೆ ಬೆಳ್ಳಿಪುಡಿ ಉದುರಿಸಿದ ಹಾಗೆ ಮಿನುಗುತ್ತದೆ. ಚೆಂದವೆಂದು ಬಿಡಬಾರದು. ಅದೇ ಕೆಸರಿನಲ್ಲಿ ಮಲಿನ ನೀರು, ಸೀಮೆಣ್ಣೆ, ಡೀಸೆಲ್ ಎಲ್ಲವೂ ಬೆರೆತಿದ್ದವು. ತಂತಿಯ ಬ್ರಷ್‌ನಿಂದ ಉಜ್ಜಿ, ಅತಿಸಣ್ಣ ದೂಳನ್ನೂ ಹಿಡಿಯುವ ಹೆಪಾ ಸೋಸುಕವಿರುವ ವ್ಯಾಕ್ಯೂಮ್‌ನಿಂದ ಎಳೆದುಕೊಳ್ಳಬೇಕು. ಬೂಷ್ಟಿನ ಮೇಲೆ ಬ್ಲೀಚ್ ಸುರಿದರೆ ಆಯಿತೆಂಬ ನಂಬಿಕೆ ಇದೆ. ಮರದಂಥ ರಂಧ್ರವಿರುವ ವಸ್ತುವಿನಲ್ಲಿ ಅದು ಮೇಲ್ಮೈಯ ಬಣ್ಣವನ್ನಷ್ಟೇ ತೆಗೆಯುತ್ತದೆ, ಮೇಲಾಗಿ ನೀರನ್ನು ಮರಕ್ಕೆ ಕುಡಿಸುತ್ತದೆ. ಬ್ಲೀಚ್ ಮತ್ತು ಅಮೋನಿಯಾ ಸೇರಿದರೆ ವಿಷಾನಿಲ ಹುಟ್ಟುತ್ತದೆಂಬುದನ್ನು ಎಲ್ಲರಿಗೂ ಹೇಳಿರಿ. ಎನ್-95 ಮುಖಗವಸು ಗಡ್ಡದ ಮೇಲೆ ಕೂರುವುದಿಲ್ಲ, ಸಂದಿಯಿಂದ ಗಾಳಿ ನುಗ್ಗುತ್ತದೆ. ಗಡ್ಡದ ಮೇಲೆ ಪ್ರೀತಿಯಿರುವ ಯುವಕರು ಬಣ್ಣದ ಕೆಲಸವನ್ನು ಆರಿಸಿಕೊಳ್ಳಲಿ. 1978ಕ್ಕಿಂತ ಹಳೆಯ ಮನೆಯಾದರೆ ಬಣ್ಣದಲ್ಲಿ ಸೀಸವಿರಬಹುದು. ಮೇಸ್ತ್ರಿಯನ್ನು ಕೇಳದೆ ಕೆರೆಯುವುದಾಗಲಿ ಉಜ್ಜುವುದಾಗಲಿ ಬೇಡ.

ಗೋಡೆ ಮುಚ್ಚುವ ಮೊದಲು ತೇವ ಅಳೆಯಲೇಬೇಕು. ಎರಡು ಸೂಜಿಯ ಸಣ್ಣ ಮೀಟರನ್ನು ಸ್ಟಡ್‌ಗೆ ಚುಚ್ಚಿದರೆ ಶೇಕಡಾವಾರು ಅಂಕಿ ಬರುತ್ತದೆ. ಎಲ್ಲ ಕೋಣೆಗಳಲ್ಲೂ, ಮುಖ್ಯವಾಗಿ ನೆಲಕ್ಕೆ ತಾಗಿದ ಅಡ್ಡಪಟ್ಟಿಯಲ್ಲಿ ಮತ್ತು ಬಿಸಿಲು ಕಾಣದ ಉತ್ತರದ ಗೋಡೆಯಲ್ಲಿ ಚುಚ್ಚಿ ನೋಡಿ, ಅಂಕಿ 15ರ ಆಸುಪಾಸಿಗೆ ಇಳಿಯದಿದ್ದರೆ ಫ್ಯಾನು ಮತ್ತು ತೇವ ಹೀರುವ ಯಂತ್ರ ಇಟ್ಟು ಕಾಯಬೇಕು. ವಾರಕ್ಕೆಂದು ಬಂದ ತಂಡಕ್ಕೆ ಕಾಯುವುದು ಕಷ್ಟ, ಫೋಟೊ ಕಳಿಸಬೇಕೆಂಬ ಒತ್ತಾಯವೂ ಇರುತ್ತದೆ. ಆದರೂ ತೇವದ ಮೇಲೆ ಹೊಡೆದ ಹಲಗೆಯ ಹಿಂದೆ ಮರುವರ್ಷ ಬೂಷ್ಟು ಏಳುತ್ತದೆ, ಆಗ ನೀವು ಅಲ್ಲಿರುವುದಿಲ್ಲ. ಅಂಥ ಹೊತ್ತಿನಲ್ಲಿ ಮೇಸ್ತ್ರಿ ಬೇರೆ ಮನೆಯ ಬೇಲಿ ಕಟ್ಟಲು ಕಳಿಸಿದರೆ ಮುಖ ಸಣ್ಣ ಮಾಡಿಕೊಳ್ಳದೆ ಹೋಗಿ. ಹಾಗೆಯೇ, ವಿದ್ಯುತ್ ಮತ್ತು ಕೊಳಾಯಿ ಕೆಲಸ ಪರವಾನಗಿ ಉಳ್ಳವರದ್ದು. ಕೌಂಟಿಯ ಪರಿಶೀಲಕರು ತಂತಿ ಮತ್ತು ಕೊಳವೆಗಳನ್ನು ನೋಡಿ ಒಪ್ಪುವ ತನಕ ನಾರಿನ ಹಾಸಾಗಲಿ ಹಲಗೆಯಾಗಲಿ ಮೇಲೇರಬಾರದು, ಏರಿದ್ದರೆ ಬಿಚ್ಚಿಸುತ್ತಾರೆ.

ಹಲಗೆ ಹೊಡೆಯುವಾಗ ಚಾವಣಿ ಮೊದಲು, ಗೋಡೆ ಆಮೇಲೆ. ಆಗ ಗೋಡೆಯ ಹಲಗೆಯೇ ಚಾವಣಿಯ ಅಂಚಿಗೆ ಆಸರೆಯಾಗುತ್ತದೆ. ಒಂದು ಹಲಗೆ ಸುಮಾರು 20ರಿಂದ 25 ಕಿಲೊ ತೂಗುತ್ತದೆ, ಎತ್ತುವುದಕ್ಕೆ ಇಬ್ಬರಿರಲಿ. ನೆಲದಿಂದ ಅರ್ಧ ಇಂಚು ಎತ್ತರಿಸಿ ಕೂರಿಸಿದರೆ ನಾಳೆ ಕೊಳಾಯಿ ಸೋರಿದರೂ ಬುಡ ನೀರು ಹೀರುವುದಿಲ್ಲ. ಸ್ಕ್ರೂವಿನ ತಲೆ ಕಾಗದವನ್ನು ತುಸುವೇ ಒತ್ತಿ ಒಳಸರಿಯಬೇಕು, ಹರಿಯಬಾರದು. ಕಾಗದ ಹರಿದರೆ ಆ ಸ್ಕ್ರೂ ಏನನ್ನೂ ಹಿಡಿದಿಲ್ಲವೆಂದೇ ಲೆಕ್ಕ, ಪಕ್ಕದಲ್ಲಿ ಇನ್ನೊಂದು ಹೊಡೆಯಬೇಕು. ಸಂದಿಗಳಿಗೆ ಹಚ್ಚುವ ಲೇಪ ಡಬ್ಬಿಯಲ್ಲಿ ಗಟ್ಟಿಯಾಗಿರುತ್ತದೆ. ಸ್ವಲ್ಪ ನೀರು ಬೆರೆಸಿ ಇಡ್ಲಿ ಹಿಟ್ಟಿನ ಹದಕ್ಕೆ ತಂದರೆ ಕಾಗದದ ಪಟ್ಟಿ ಗುಳ್ಳೆಯಿಲ್ಲದೆ ಕೂರುತ್ತದೆ. ಮೂರು ಲೇಪ, ಪ್ರತಿ ಲೇಪದ ನಡುವೆ ಒಂದು ದಿನದ ಒಣಗು, ಪ್ರತಿ ಸಲ ಹಿಂದಿನದಕ್ಕಿಂತ ಅಗಲವಾದ ಕರಣಿ. ದಪ್ಪ ಬಳಿದು ಆಮೇಲೆ ಉಜ್ಜಿದರಾಯಿತು ಎನ್ನುವವರು ಮರುದಿನವಿಡೀ ಬಿಳಿ ದೂಳಿನಲ್ಲಿ ನಿಂತು ಉಜ್ಜುತ್ತಾರೆ. ತೆಳುವಾಗಿ ಬಳಿಯುವ ತಾಳ್ಮೆ ಇರುವವರು, ಅವರಿಗೆ ಹಿಂದಿನ ಅನುಭವ ಇಲ್ಲದಿದ್ದರೂ, ಈ ಕೆಲಸಕ್ಕೆ ಒದಗುತ್ತಾರೆ.

ನೆಲದಡಿಯ ತೆವಳು ಜಾಗಕ್ಕೆ ಇಳಿಯುವ ಮುನ್ನ ಟಾರ್ಚ್ ಬಿಟ್ಟು ನೋಡಿ. ಕಾಪರ್‌ಹೆಡ್ ಎಂಬ ವಿಷದ ಹಾವು ಈ ಬೆಟ್ಟಗಳಲ್ಲಿ ಉಂಟು. ಪ್ರವಾಹದ ನಂತರ ಗೂಡು ಕಳೆದುಕೊಂಡ ಯೆಲ್ಲೋ ಜಾಕೆಟ್ ಕಣಜಗಳು ಎಷ್ಟೋ ಜನರನ್ನು ಕಚ್ಚಿದವು, ಹೀಗಾಗಿ ಅಲರ್ಜಿ ಇರುವವರು ಎಪಿಪೆನ್ ಎಂಬ ತುರ್ತು ಚುಚ್ಚುಮದ್ದು ಇಲ್ಲದೆ ಬರಬಾರದು. ಜನರೇಟರ್ ಮನೆಯಿಂದ ಕನಿಷ್ಠ 20 ಅಡಿ ದೂರ, ಹೊಗೆ ಕಿಟಕಿಯತ್ತ ಬಾರದಂತೆ ಇರಬೇಕು.

ಮನೆಯವರ ಜೊತೆ

ಆ ಮನೆ ಬರಿಯ ಕಟ್ಟಡವಾಗಿ ಕಂಡರೂ ಅದರ ಒಡೆಯರು ಅಂಗಳದ ಟ್ರೇಲರಿನಲ್ಲೋ ಬಂಧುಗಳ ಮನೆಯಲ್ಲೋ ಇದ್ದು ದಿನಕ್ಕೊಮ್ಮೆ ಬಂದು ನೋಡುತ್ತಿರುತ್ತಾರೆ. ಅವರನ್ನು ಹೆಸರು ಹಿಡಿದು ಮಾತಾಡಿಸಿ, ಬಣ್ಣ ಯಾವುದೆಂದು ಅವರನ್ನೇ ಕೇಳಿ, ಕೆಸರು ಮೆತ್ತಿದ ವಸ್ತು ಸಿಕ್ಕರೆ ನೀವೇ ನಿರ್ಧರಿಸಿ ಎಸೆಯಬೇಡಿ. ಪ್ರವಾಹದ ರಾತ್ರಿಯ ಕತೆಯನ್ನು ಕೆದಕಬೇಡಿ. ಅವರಾಗಿ ಹೇಳಲು ತೊಡಗಿದರೆ ಕೈಯಲ್ಲಿರುವ ಸ್ಕ್ರೂಗನ್ ಕೆಳಗಿಟ್ಟು ಕೇಳಿ, ಅದರಿಂದ ಆ ದಿನ ಎರಡು ಹಲಗೆ ಕಡಿಮೆಯಾದರೂ ಚಿಂತೆಯಿಲ್ಲ. ಒಪ್ಪಿಗೆಯಿಲ್ಲದೆ ಅವರ, ಅವರ ಮಕ್ಕಳ ಚಿತ್ರ ತೆಗೆಯಕೂಡದು. ಸರ್ಕಾರದ ನೆರವಿನ ಬಗ್ಗೆ ಆ ಸೀಮೆಯಲ್ಲಿ ನಾನಾ ವದಂತಿ ಹಬ್ಬಿತ್ತು. 750 ಡಾಲರ್ ಕೊಟ್ಟು ಕೈತೊಳೆದುಕೊಳ್ಳುತ್ತಾರೆ, ಅದೂ ಸಾಲ ಎಂಬುದು ಅವುಗಳಲ್ಲೊಂದು, ವಾಸ್ತವವಾಗಿ ಅದು ಮರಳಿಸಬೇಕಿಲ್ಲದ ಮೊದಲ ಕಂತಿನ ತುರ್ತು ನೆರವು. ಇಂಥ ಮಾತು ಬಂದಾಗ ವಾದಕ್ಕಿಳಿಯದೆ ಕೇಸ್ ಮ್ಯಾನೇಜರನ್ನು ಕೇಳಿ ಎನ್ನಿ. ನಾವು ಮತ್ತೆ ಬಂದು ವರಾಂಡವನ್ನೂ ಮಾಡಿಕೊಡುತ್ತೇವೆ ಎಂಬ ಭರವಸೆ ಮಾತ್ರ ಯಾವ ಸಂಭ್ರಮದಲ್ಲೂ ಬಾಯಿಂದ ಬರಬಾರದು.

ಸಾಕ್ಷಿ ಹೇಳುವ, ಅಂದರೆ ತಮ್ಮ ಕ್ರೈಸ್ತ ನಂಬಿಕೆಯನ್ನು ಇತರರಿಗೆ ಹೇಳುವ ಬಗ್ಗೆ ಸಭೆಗಳಲ್ಲಿ ಭಿನ್ನಾಭಿಪ್ರಾಯವಿದೆ. ನನ್ನ ನಿಲುವು ಇದು: ಮನೆ ಕಳೆದುಕೊಂಡವರು ನಿಮ್ಮ ಮಾತು ಕೇಳದೆ ಎದ್ದು ಹೋಗುವ ಸ್ಥಿತಿಯಲ್ಲಿರುವುದಿಲ್ಲ, ಆದ್ದರಿಂದಲೇ ಅವರು ಕೇಳುವವರೆಗೆ ಕಾಯಬೇಕು. ಪ್ರಾರ್ಥಿಸಬಹುದೇ ಎಂದು ಕೇಳಿ, ಬೇಡವೆಂದರೆ ಅಲ್ಲಿಗೆ ಬಿಡಿ. ಈ ಬೆಟ್ಟಗಳಲ್ಲಿ ಬಹುಪಾಲು ಜನ ಬೇಡವೆನ್ನುವುದಿಲ್ಲ. ಎಷ್ಟೋ ಸಲ ಅವರೇ ನಿಮಗಾಗಿ ಪ್ರಾರ್ಥಿಸುತ್ತಾರೆ. ಹಲಗೆ ಹೊಡೆಯುವ ಮುನ್ನ ಸ್ಟಡ್‌ಗಳ ಮೇಲೆ ಬೈಬಲ್ ವಚನಗಳನ್ನು ಮಾರ್ಕರ್‌ನಿಂದ ಬರೆಯುವ ರೂಢಿ ಇಲ್ಲಿನ ಚರ್ಚ್ ತಂಡಗಳಲ್ಲಿದೆ. ಮನೆಯವರು ಒಪ್ಪಿದರೆ ಮೊದಲ ವಚನವನ್ನು ಅವರ ಕೈಯಿಂದಲೇ ಬರೆಸಿ. ಕನ್ನಡದಲ್ಲೊಂದು ಬರೆಯಿರಿ ಎಂದು ಅವರು ಕೇಳಿದರೆ ಬರೆದು, ಕೆಳಗೆ ಇಂಗ್ಲಿಷಿನಲ್ಲಿ ಅಧ್ಯಾಯ, ವಾಕ್ಯದ ಸಂಖ್ಯೆ ಹಾಕಿ. ಮಾರ್ಕರ್ ಶಾಯಿ ಹಲಗೆಯ ಕಾಗದಕ್ಕೆ ತಗಲದಂತೆ ಸ್ಟಡ್‌ನ ಪಕ್ಕದ ಮುಖದ ಮೇಲೆ ಬರೆಯುವುದು ಮೇಲು, ಇಲ್ಲದಿದ್ದರೆ ಕೆಲವು ಶಾಯಿಗಳು ಬಣ್ಣದ ಮೇಲೂ ಒಸರುತ್ತವೆ.

ಊಟ, ವಸತಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಚರ್ಚಿನ ನೆಲದ ಮೇಲೆ ಹಾಸಿಗೆ, ಸರದಿಯ ಸ್ನಾನ, ರಾತ್ರಿ ಹತ್ತಕ್ಕೆ ದೀಪ ಆರಿಸುವುದು. ಆತಿಥೇಯರ ಅಡುಗೆಮನೆ ಬಳಸಲು ಅನುಮತಿ ಇದ್ದರೆ ಒಂದು ಸಂಜೆ ಅನ್ನ, ಸಾರು, ಕೋಳಿ ಪಲ್ಯ ಮಾಡಿ ಅವರನ್ನೂ ಊಟಕ್ಕೆ ಕರೆಯಿರಿ, ಖಾರ ಅರ್ಧಕ್ಕಿಳಿಸಿ. ಉಳಿದ ದಿನ ಅವರು ಬಡಿಸಿದ್ದನ್ನು ತಿನ್ನಿ. ಆಶ್‌ವಿಲ್, ಬ್ಲ್ಯಾಕ್ ಮೌಂಟನ್, ಮಾರ್ಷಲ್‌ನ ಅಂಗಡಿ, ಹೋಟೆಲುಗಳಲ್ಲಿ ಒಂದಷ್ಟು ಖರ್ಚು ಮಾಡುವುದೂ ನೆರವೇ, ಏಕೆಂದರೆ ಆ ಊರುಗಳು ಬದುಕುವುದು ಹೊರಗಿನಿಂದ ಬರುವವರಿಂದ.

ಹೊರಡುವ ಮುನ್ನ

ದಿನದ ಕೊನೆಗೆ ಯಾರು, ಯಾವ ಮನೆಯಲ್ಲಿ, ಯಾವ ಕೆಲಸವನ್ನು, ಎಷ್ಟು ಗಂಟೆ ಮಾಡಿದರು ಎಂದು ಬರೆದು ಸಹಿ ಹಾಕಿಸಿ. ಇದು ಬರಿಯ ಶಿಸ್ತಿನ ಮಾತಲ್ಲ. ವಿಪತ್ತಿನ ಕಾಮಗಾರಿಗಳಲ್ಲಿ ಸ್ಥಳೀಯ ಸರ್ಕಾರ ತನ್ನ ಪಾಲಿನ ಹಣ ಹಾಕಬೇಕಾಗುತ್ತದೆ. ಫೆಮಾ ನಿಯಮದಂತೆ ಅರ್ಹ ಕೆಲಸಗಳಲ್ಲಿ ಸ್ವಯಂಸೇವಕರು ದುಡಿದ ಗಂಟೆಗಳಿಗೆ ಬೆಲೆ ಕಟ್ಟಿ ಆ ಪಾಲಿಗೆ ಜಮಾ ಮಾಡಿಕೊಳ್ಳಲು ಅವಕಾಶವಿದೆ. ಯಾವ ಗಂಟೆ ಅರ್ಹ, ಯಾವುದು ಅಲ್ಲ ಎಂಬುದನ್ನು ಸಂಯೋಜಕರು ನೋಡಿಕೊಳ್ಳುತ್ತಾರೆ. ಬರೆದುಕೊಡದ ಗಂಟೆ ಮಾತ್ರ ಯಾರ ಲೆಕ್ಕಕ್ಕೂ ಬರುವುದಿಲ್ಲ.

ಮುಗಿಯದ ಕೆಲಸವನ್ನು ಮುಂದಿನ ತಂಡಕ್ಕೆ ಒಪ್ಪಿಸುವ ಟಿಪ್ಪಣಿ ಕೊನೆಯ ದಿನ ಬೆಳಿಗ್ಗೆಯೇ ಸಿದ್ಧವಾಗಲಿ. ಸಂಜೆಗೆ ಬಿಟ್ಟರೆ ಎಲ್ಲರೂ ವ್ಯಾನಿನಲ್ಲಿ ಕೂತಿರುತ್ತಾರೆ. ಯಾವ ಕೋಣೆಯಲ್ಲಿ ಎಷ್ಟನೆಯ ಲೇಪ ಆಗಿದೆ, ತೇವದ ಕೊನೆಯ ಅಂಕಿ ಎಷ್ಟು, ಯಾವ ಹಲಗೆಯ ಹಿಂದೆ ಕೊಳಾಯಿ ಹೋಗಿದೆ, ಎಷ್ಟು ಸಾಮಗ್ರಿ ಉಳಿದಿದೆ, ಬಣ್ಣದ ಡಬ್ಬಿಯ ಮೇಲಿನ ಸಂಖ್ಯೆ ಯಾವುದು ಎಂಬುದನ್ನು ದೊಡ್ಡಕ್ಷರದಲ್ಲಿ ಬರೆದು ಒಂದು ಪ್ರತಿಯನ್ನು ಮೇಸ್ತ್ರಿಗೆ ಕೊಟ್ಟು, ಇನ್ನೊಂದನ್ನು ಮುಂಬಾಗಿಲ ಒಳಮುಖಕ್ಕೆ ಟೇಪಿನಿಂದ ಅಂಟಿಸಿ. ಎರವಲು ತಂದ ಉಪಕರಣಗಳನ್ನು ತೊಳೆದು, ಎಣಿಸಿ, ತಂದ ಕಡೆಯೇ ಇಡಿ. ಮುಂದಿನ ಪ್ರವಾಸದ ವಾರವನ್ನು ಸಂಯೋಜಕರ ಕ್ಯಾಲೆಂಡರಿನಲ್ಲಿ ಕಾಯ್ದಿರಿಸುವುದೂ ಆಗಲೇ ಆಗಬೇಕು, ಏಕೆಂದರೆ ಬೇಸಿಗೆ ರಜೆಯ ವಾರಗಳು ಬೇಗ ತುಂಬುತ್ತವೆ. ಮಕ್ಕಳ ಶಾಲೆಯ ರಜಾಪಟ್ಟಿ ನಾಯಕರ ಫೋನಿನಲ್ಲಿರಲಿ.